ನಕ್ಷೆಯಲ್ಲಿ ಖಾಲಿ ಎಂದರೆ ಬರಡಲ್ಲ

ಮಾನ್ಯರೇ,

ಒಂದು ದೇಶದಲ್ಲಿ ಎಲ್ಲಿ ಎಷ್ಟು ಜಾತಿಯ ಗಿಡಗಳಿವೆ ಎಂದು ತೋರಿಸುವ ನಕ್ಷೆ ನೋಡಿದಾಗ, ಬಣ್ಣ ತೆಳುವಾದ ಕಡೆ ಏನೂ ಇಲ್ಲ ಅಂದುಕೊಳ್ಳುತ್ತೇವೆ. ಅದು ತಪ್ಪು. ಮಳೆ ಜಾಸ್ತಿ ಇದ್ದಲ್ಲೇ ಜಾತಿಗಳೂ ಜಾಸ್ತಿ ಎಂದೇನಿಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ ನೋಡಿ. ಸಾರವಿಲ್ಲದ ಮಣ್ಣು, ಎಲ್ಲಿ ನೋಡಿದರೂ ಕುರುಚಲು ಪೊದೆ. ಆದರೂ ಸುಮಾರು 90,000 ಚದರ ಕಿಲೋಮೀಟರಿನಲ್ಲಿ 9,000ದಷ್ಟು ಜಾತಿಗಳು! ಮೂರರಲ್ಲಿ ಎರಡು ಪಾಲು ಬೇರೆಲ್ಲೂ ಸಿಗುವುದಿಲ್ಲ.

ಇನ್ನೊಂದು ಮಾತು. ಇಂಥ ನಕ್ಷೆಗಳಿಗೆ ಆಧಾರ ಸಸ್ಯಸಂಗ್ರಹಾಲಯದ ಹಾಳೆಗಳು. ಒಣಗಿಸಿ ಅಂಟಿಸಿದ ಒಂದು ರೆಂಬೆ, ಮೂಲೆಯಲ್ಲೊಂದು ಚೀಟಿ: ಎಲ್ಲಿ, ಯಾವಾಗ, ಯಾರು ಕಿತ್ತರು. ಕಿತ್ತವರು ಹೋಗಿದ್ದು ದಾರಿ ಇದ್ದ ಕಡೆಗೇ ಅಲ್ವಾ? ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ ಮನೌಸ್ ನಗರದ ಸುತ್ತ ಹೆಚ್ಚು ಸಂಗ್ರಹ ನಡೆದಿದ್ದರಿಂದಲೇ ಅಲ್ಲಿ ಬೇರೆಲ್ಲೂ ಸಿಗದ ಜಾತಿಗಳು ಹೆಚ್ಚೆಂದು ಕಂಡಿತ್ತು. 1990ರಲ್ಲಿ ವಿಜ್ಞಾನಿಗಳೇ ಇದನ್ನು ತೋರಿಸಿಕೊಟ್ಟರು.

ಖಾಲಿ ಕಾಣುವ ಜಾಗವನ್ನು ಸುಮ್ನೆ ಬರಡು ಎಂದು ಗಣಿಗೋ ರಸ್ತೆಗೋ ಬಿಟ್ಟುಕೊಡುವ ಮುಂಚೆ, ಯಾರಾದರೂ ಹೂ ಬಿಡುವ ಕಾಲದಲ್ಲಿ ಅಲ್ಲಿಗೆ ಹೋಗಿ ಎಣಿಸಲಿ. ನಕ್ಷೆ ಅಚ್ಚು ಮಾಡುವವರು ಇನ್ನೂ ಹುಡುಕದ ಜಾಗಗಳನ್ನು ಬೇರೆ ಬಣ್ಣದಲ್ಲಿ ತೋರಿಸಲಿ.

– ಒಬ್ಬ ಓದುಗ