ಹಾಯಿದೋಣಿಯ ತಳದ ಗುಳ್ಳೆ ರಿಪೇರಿ: ಮಾಡದ ಕೆಲಸಕ್ಕೆ ಬಿಲ್ ಹಾಕಿರುವ ಬಗ್ಗೆ ದೂರು

ಇವರಿಗೆ,
ಮಾಲೀಕರು,
ಫೈಬರ್ ವರ್ಕ್‌ಶಾಪ್, ದಾವಣಗೆರೆ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಿಮ್ಮಲ್ಲಿ ರಿಪೇರಿಯಾದ ನನ್ನ ಹಳೆಯ ಫೈಬರ್ ಹಾಯಿದೋಣಿಯ ತಳದಲ್ಲಿ ಮತ್ತೆ ಗುಳ್ಳೆಗಳು ಎದ್ದಿವೆ. ಹೆಚ್ಚಿನವು ಹೊಸ ಜಾಗದಲ್ಲಲ್ಲ, ನೀವು ಪುಟ್ಟಿ ತುಂಬಿದ ಜಾಗದಲ್ಲೇ. ಬಿಲ್ಲಿನಲ್ಲಿ "ಎಪಾಕ್ಸಿ ಕೋಟಿಂಗ್, 5 ಕೋಟ್" ಎಂದು ಬರೆದು 46,000 ರೂಪಾಯಿ ತೆಗೆದುಕೊಂಡಿದ್ದೀರಿ. ಎಪಾಕ್ಸಿ ಅಂದರೆ ನೀರು ಒಳಗೆ ಇಳಿಯದಂತೆ ತಡೆಯುವ ಗಟ್ಟಿ ಲೇಪ. ನಾನು ಕೆರೆದು ನೋಡಿದ ಕಡೆ ಎಲ್ಲೂ ಅದರ ಒಂದು ಕೋಟೂ ಕಾಣಲಿಲ್ಲ.

ಫೋನ್ ಮಾಡಿದಾಗ ನೀವು "ಯಾವಾಗ್ಲೂ ನೀರಲ್ಲೇ ಬಿಟ್ರೆ ಗುಳ್ಳೆ ಬರ್ದೇ ಇರುತ್ತಾ ಸಾರ್" ಎಂದಿರಿ. ದೋಣಿಯನ್ನು ನೀರಲ್ಲಿ ಬಿಡದೆ ಅಟ್ಟದ ಮೇಲೆ ಇಡೋಕಾಗುತ್ತಾ? ದೋಣಿ ಈಗ ನೀರಲ್ಲೇ ಇರುತ್ತದೆ ಎಂದು ಕೆಲಸ ಒಪ್ಪಿಸುವಾಗಲೇ ನಿಮಗೆ ಬಿಡಿಸಿ ಹೇಳಿದ್ದೆ. ಮೊದಲೆಲ್ಲ ಮಾರಿಕಣಿವೆಯಲ್ಲಿ (ವಾಣಿವಿಲಾಸ ಸಾಗರ ಜಲಾಶಯ) ನೀರೇ ಕಡಿಮೆ. ದೋಣಿ ವರ್ಷದ ಬಹುಪಾಲು ದಡದಲ್ಲಿ ಟ್ರೇಲರ್ ಮೇಲೆ ಒಣಗುತ್ತಿತ್ತು. 1933ರ ನಂತರ ಮೊದಲ ಸಲ 2022ರಲ್ಲಿ ಅಣೆಕಟ್ಟು ಕೋಡಿ ಬಿತ್ತು, 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ಹೊಸದುರ್ಗದ ಕಡೆಯ ನಮ್ಮ ಹಿನ್ನೀರು ತುಂಬಿದ ಮೇಲೆ ದೋಣಿ ನೀರಿನಿಂದ ಮೇಲೆ ಬಂದಿದ್ದೇ ಕಡಿಮೆ. ಗುಳ್ಳೆ ಶುರುವಾಗಿದ್ದೂ ಆಗಲೇ.

ನಿಮ್ಮ ಮೇಸ್ತ್ರಿ "ಸಮುದ್ರದ ನೀರಲ್ವಲ್ಲ, ಏನೂ ಆಗಲ್ಲ" ಎಂದು ಧೈರ್ಯ ಹೇಳಿದರು. ವಿಷಯ ಇರುವುದು ಉಲ್ಟಾ. ಫೈಬರ್ ಮೇಲಿನ ನುಣುಪು ಪದರ, ಅಂದರೆ ಜೆಲ್‌ಕೋಟ್ ದಾಟಿ ನೀರು ಸ್ವಲ್ಪ ಸ್ವಲ್ಪವೇ ಒಳಗೆ ಇಳಿಯುತ್ತದೆ. ಒಳಗೆ ಫೈಬರ್ ಎಳೆಗಳನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದದ್ದು ಆ ನೀರಿನಲ್ಲಿ ಕರಗಿ ಹುಳಿಯಾಗುತ್ತದೆ, ಹೊರಗಿನಿಂದ ಇನ್ನಷ್ಟು ನೀರು ಎಳೆದುಕೊಂಡು ಉಬ್ಬುತ್ತದೆ. ಹೊರಗಿನ ನೀರಿನಲ್ಲಿ ಉಪ್ಪು ಇಲ್ಲದಿದ್ದರೆ ಈ ಎಳೆತ ಜಾಸ್ತಿ. ನೀರು ಬೆಚ್ಚಗಿದ್ದರೆ ಇನ್ನೂ ಬೇಗ. ನೀರಿನ ಟ್ಯಾಂಕು, ಬಸ್ಸಿನ ಬಾಡಿ ಮಾಡುವವರಿಗೆ ಇದು ಗೊತ್ತಿರಲೇಬೇಕು ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲದಿದ್ದರೆ ಕೆಲಸ ಒಪ್ಪಿಕೊಳ್ಳಬಾರದಿತ್ತು, ಅಷ್ಟೇ.

ಹೋದ ವಾರ ದೋಣಿಯನ್ನು ದಡಕ್ಕೆ ಎಳೆಸಿ ನೋಡಿದೆ. ಕಡಲೆಕಾಳಿನಿಂದ ಹಿಡಿದು ಐದು ರೂಪಾಯಿ ನಾಣ್ಯದ ಗಾತ್ರದವರೆಗೆ ಗುಳ್ಳೆಗಳು. ದಬ್ಬಳದಿಂದ ಒಂದನ್ನು ಚುಚ್ಚಿದರೆ ಪಿಚಕ್ಕನೆ ರಸ ಹಾರಿತು (ಕನ್ನಡಕ ಹಾಕಿಕೊಂಡಿದ್ದೆ, ನಿಮ್ಮ ಹುಡುಗರಿಗೂ ಹಾಕಿಸಿ). ವಿನೆಗರ್ ವಾಸನೆ, ಬೆರಳಿಗೆ ಅಂಟಂಟು. ಸಿಪ್ಪೆ ಎಬ್ಬಿಸಿದರೆ ನೀಲಿ ಪೇಂಟಿನ ಕೆಳಗೆ ನೇರವಾಗಿ ಗುಲಾಬಿ ಬಣ್ಣದ ಪುಟ್ಟಿ. ಕಾರಿನ ಡೆಂಟಿಗೆ ಮೆತ್ತುವ ಅದೇ ಪುಟ್ಟಿ. ಉಗುರಿನಲ್ಲಿ ಕೆರೆದರೆ ನೆನೆದ ಸೀಮೆಸುಣ್ಣದ ಹಾಗೆ ಉದುರಿತು. ಅದು ನೀರು ಕುಡಿಯುವ ಮಾಲು, ನೀರಿನ ಮಟ್ಟದ ಕೆಳಗೆ ಹಚ್ಚುವಂಥದ್ದೇ ಅಲ್ಲ. ಐದು ಕೋಟ್ ಎಪಾಕ್ಸಿ ಹಚ್ಚಿದ್ದರೆ ಹೆಚ್ಚುಕಡಿಮೆ ಕಾಲು ಮಿಲಿಮೀಟರ್ ದಪ್ಪದ ಪದರ ಕಣ್ಣಿಗೇ ಕಾಣುತ್ತಿತ್ತು.

ಇದಕ್ಕಿಂತ ದೊಡ್ಡ ತಪ್ಪು ಒಣಗಿಸದೇ ಇದ್ದದ್ದು. ಮೂರು ಕಡೆ ಗೋಡೆಯಿಲ್ಲದ ಶೆಡ್, ಆಷಾಢದ ಜಿಟಿಜಿಟಿ ಮಳೆ. ನೀವೇ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊಗಳಲ್ಲಿ ಸೋಮವಾರ ಗ್ರೈಂಡಿಂಗ್ ನಡೆದಿದೆ, ಬುಧವಾರಕ್ಕೆ ಪುಟ್ಟಿ ಬಿದ್ದಿದೆ. ತೆರೆದ ಗುಳ್ಳೆಯನ್ನು ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಹುಳಿ ಪೂರ್ತಿ ತೆಗೆದು, ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಒಣಗಿಸಬೇಕು. ಒದ್ದೆಯನ್ನು ಒಳಗಿಟ್ಟು ಮುಚ್ಚಿದರೆ ಗುಳ್ಳೆಯನ್ನು ನಾವೇ ಬಿತ್ತಿದಂತೆ. ಆಗ ನಾನು "ಅವಸರ ಇಲ್ಲ, ಬೇಸಿಗೆ ಕಳೆದೇ ಕೊಡಿ" ಎಂದಿದ್ದೆ. "ಜಾಗ ಖಾಲಿ ಮಾಡ್ಬೇಕು ಸಾರ್" ಎಂದವರು ನೀವು.

ಚುಕ್ಕಾಣಿಯ ಬಿರುಕನ್ನು ನಿಮ್ಮವರು ಚೆನ್ನಾಗಿಯೇ ಬೆಸೆದಿದ್ದಾರೆ, ಅದರ ಬಗ್ಗೆ ತಕರಾರಿಲ್ಲ. ನೀವು ಮುಟ್ಟದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಎದ್ದಿರುವ ಸಣ್ಣ ಗುಳ್ಳೆಗಳನ್ನೂ ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಹಳೆ ದೋಣಿ, ಬರುತ್ತವೆ. ಅವುಗಳಿಂದ ದೋಣಿ ಮುಳುಗುವುದೂ ಇಲ್ಲ.

ನಾನು ಕೇಳುವುದು ಎರಡರಲ್ಲಿ ಒಂದು. ಬರುವ ಫೆಬ್ರವರಿಯಲ್ಲಿ ನಿಮ್ಮ ಖರ್ಚಿನಲ್ಲೇ ದೋಣಿ ತರಿಸಿಕೊಂಡು ಆ ಪುಟ್ಟಿಯೆಲ್ಲ ಕಿತ್ತು, ತೊಳೆದು, ಬಿಸಿಲಿನ ತಿಂಗಳುಗಳಲ್ಲಿ ಒಣಗಿಸಿ, ನನ್ನ ಎದುರಿಗೇ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಇಟ್ಟು ತೋರಿಸಿ. ಆಮೇಲೆ ಎಪಾಕ್ಸಿ ಫಿಲ್ಲರ್ ತುಂಬಿ, ಬಿಲ್ಲಿನಲ್ಲಿ ಬರೆದ ಐದು ಕೋಟ್ ಹಚ್ಚಿ. ಡಬ್ಬಿಗಳನ್ನು ನಾನು ನೋಡಬೇಕು. ಇಲ್ಲವಾದರೆ 46,000 ರೂಪಾಯಿಯ ಜೊತೆಗೆ ಹೋಗಿ ಬಂದ ಲಾರಿ ಬಾಡಿಗೆ 9,000 ರೂಪಾಯಿ ವಾಪಸ್ ಕೊಡಿ, ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಚಿತ್ರದುರ್ಗದಲ್ಲೇ ದೂರು ಕೊಡಬಹುದು. ಓಡಾಟ ನಿಮಗೇ ಜಾಸ್ತಿಯಾಗುತ್ತದೆ.

ಉತ್ತರವನ್ನು ಬರವಣಿಗೆಯಲ್ಲೇ ಕೊಡಿ. ಫೋನ್‌ನಲ್ಲಿ ಮಾತಾಡಿದ್ದು ಸಾಕು.

ಇಂತಿ,
ದೋಣಿಯ ಮಾಲೀಕ
ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಲಗತ್ತು: ಬಿಲ್ ಮತ್ತು ಲಾರಿ ರಸೀದಿಯ ಪ್ರತಿ, ನೀವು ಕಳಿಸಿದ ಫೋಟೊಗಳು, ಹೋದ ವಾರ ನಾನು ತೆಗೆದ ಫೋಟೊಗಳು. ಉದುರಿದ ಪುಟ್ಟಿಯನ್ನು ಒಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ.