ಸೇರಿಸಿದ್ದೆಲ್ಲ ತಪ್ಪಲ್ಲ

ಮಾನ್ಯ ಸಂಪಾದಕರೆ,

ಹಳೆಯ ಕಾದಂಬರಿಗಳನ್ನು ಈಗಿನ ನಿರ್ದೇಶಕರು ಕೆಡಿಸುತ್ತಿದ್ದಾರೆ, ಮೂಲದಲ್ಲಿ ಇಲ್ಲದ್ದನ್ನೆಲ್ಲ ತುರುಕುತ್ತಾರೆ ಎಂದು ಓದುಗರೊಬ್ಬರು ಕಳೆದ ಭಾನುವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಸಿಟ್ಟು ಅರ್ಥವಾಗುತ್ತದೆ. ಇಷ್ಟಪಟ್ಟು ಓದಿದ ಪುಸ್ತಕ ತೆರೆಯ ಮೇಲೆ ಬೇರೆ ಥರ ಕಂಡರೆ ಹೊಟ್ಟೆ ಉರಿಯುತ್ತದೆ. ಆದರೆ ಸೇರಿಸಿದ್ದೆಲ್ಲ ತಪ್ಪು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ ಅಂದರೆ ನಮ್ಮ ಅವ್ವನಿಗೆ ಪ್ರಾಣ. ರೊಟ್ಟಿ ಬಡಿದು ಮುಗಿಸಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಲೆಯ ಮುಂದೆಯೇ ಓದಲು ಕೂಡುತ್ತಿದ್ದಳು. 1963ರಲ್ಲಿ ಬಂದ ‘ಕುಲವಧು’ ಸಿನಿಮಾ ನೋಡಿ “ಪುಸ್ತಕದಾಗ ಹಿಂಗಿಲ್ಲ” ಎಂದು ಗೊಣಗಿದ್ದಳಂತೆ. ಅದೇ ಅವ್ವ ಪ್ರತಿ ಯುಗಾದಿಗೆ ಬೇವು-ಬೆಲ್ಲ ಕಲಸುತ್ತ ಹಾಡುತ್ತಿದ್ದದ್ದು ಆ ಸಿನಿಮಾದ ಯುಗಾದಿ ಹಾಡನ್ನೇ. ಕತೆ ಪುರಾಣಿಕರದು, ಪದ್ಯ ಬೇಂದ್ರೆಯವರದು. ಕೂಡಿಸಿದವರು ಸಿನಿಮಾದವರು. ಆ ಹಾಡಿಲ್ಲದೆ ನಮ್ಮ ಕಡೆ ಹಬ್ಬವೇ ಆಗುವುದಿಲ್ಲ ಅಲ್ವಾ?

1977ರ ‘ಸನಾದಿ ಅಪ್ಪಣ್ಣ’ ಕೂಡ ಪುರಾಣಿಕರ ಕತೆಯೇ. ಅಪ್ಪಣ್ಣ ಸನಾದಿ (ಶಹನಾಯಿ) ಊದಿದ ಎಂದು ಪುಸ್ತಕ ಹೇಳಬಹುದು, ಕೇಳಿಸಲು ಆಗುವುದಿಲ್ಲ. ಸಿನಿಮಾದಲ್ಲಿ ಕೇಳಿದ್ದು ಬಿಸ್ಮಿಲ್ಲಾ ಖಾನರ ಶಹನಾಯಿ. ನಾನಾಗ ಆರನೇ ಇಯತ್ತೆ. ಟಾಕೀಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜನ ಬೀಡಿ ಯಾವಾಗಲೋ ಆರಿತ್ತು. ಅದು ಗೊತ್ತಾಗದೆ ಆತ ಹಾಗೇ ಹಿಡಿದುಕೊಂಡು ಕೂತಿದ್ದ.

ಪುಟ್ಟಣ್ಣ ಕಣಗಾಲರು ತರಾಸು ಅವರ ಮೂರು ಕಾದಂಬರಿ ಕೂಡಿಸಿ 1972ರಲ್ಲಿ ‘ನಾಗರಹಾವು’ ಮಾಡಿದರು. ತರಾಸು ಅವರಿಗೆ ಅದು ಹಿಡಿಸಲಿಲ್ಲ. ಇವತ್ತು ನಾವು ಅದನ್ನೇ ಮುಂದಿಟ್ಟುಕೊಂಡು ಹೊಸಬರನ್ನು ಅಳೆಯುತ್ತೇವೆ. ಈಗ ಯಾರಾದರೂ ಮೂರು ಪುಸ್ತಕ ಕೂಡಿಸಿದರೆ ಸುಮ್ನೆ ಬಿಡುತ್ತೇವಾ?

2023ರ ‘ಡೇರ್‌ಡೆವಿಲ್ ಮುಸ್ತಫಾ’ ನನಗೆ ತುಂಬಾ ಹಿಡಿಸಿತು. ತೇಜಸ್ವಿಯವರ ಅಭಿಮಾನಿಗಳೇ ದುಡ್ಡು ಹಾಕಿ ತೆಗೆದ ಸಿನಿಮಾ. ತೇಜಸ್ವಿಯವರ ಸಣ್ಣ ಕತೆಯನ್ನು ಹಿಗ್ಗಿಸಿದ್ದಾರೆ, ನಿಜ. ಆದರೂ ಕತೆಯ ಕಾಲೇಜು ಹುಡುಗರ ಅನುಮಾನ, ತುಂಟತನ ಎಲ್ಲ ತೇಜಸ್ವಿಯವರದೇ ಅನಿಸುತ್ತದೆ.

ನನ್ನ ಬೇಜಾರು ಬೇರೆ. ಸಿನಿಮಾದಲ್ಲಿ ನಮ್ಮ ಉತ್ತರ ಕರ್ನಾಟಕದ ಕಡೆಯ ಮಾತು ಬರುವುದು ಜಾಸ್ತಿ ನಗಿಸಲಿಕ್ಕೆ. ನಮ್ಮ ಅವ್ವ ಅತ್ತದ್ದೂ ಇದೇ ಮಾತಿನಲ್ಲಿ, ಮಕ್ಕಳನ್ನು ಬೈದದ್ದೂ ಇದೇ ಮಾತಿನಲ್ಲಿ. ನಮ್ಮ ಭಾಗದ ಕಾದಂಬರಿಯನ್ನು ಸಿನಿಮಾ ಮಾಡುವವರು ಒಂದೆರಡು ದೃಶ್ಯ ಬಿಟ್ಟರೂ ಚಿಂತೆಯಿಲ್ಲ, ಈ ಮಾತನ್ನು ಬಿಡಬಾರದು.

ವಿಮರ್ಶೆ ಬರೆಯುವವರು ಮೊದಲು ಪುಸ್ತಕ ಓದಲಿ ಎಂದು ಕೇಳಿಕೊಳ್ಳುತ್ತೇನೆ. ಆದರೆ ಪುಸ್ತಕ ಸಿಗಬೇಕಲ್ಲ! ಹೋದ ತಿಂಗಳು ಗ್ರಂಥಾಲಯವೊಂದರಲ್ಲಿ ಪುರಾಣಿಕರ ಕಾದಂಬರಿ ಹುಡುಕಿದೆ. ಸಿಕ್ಕ ಒಂದೇ ಪ್ರತಿಯ ಹೊಲಿಗೆ ಬಿಚ್ಚಿ ಕೊನೆಯ ಹಾಳೆಗಳು ಹೋಗಿದ್ದವು. ಉಳಿದ ಪುಟದ ಕೆಳಗೆ ಯಾರೋ ಪೆನ್ಸಿಲಿನಲ್ಲಿ “ಮುಂದ ಏನಾತು?” ಎಂದು ಬರೆದಿದ್ದರು. ಅವ್ವನ ಟ್ರಂಕಿನಲ್ಲಿದ್ದ ಎರಡು ಪುಸ್ತಕಗಳನ್ನು ಆ ಗ್ರಂಥಾಲಯಕ್ಕೆ ಕೊಟ್ಟು ಬಂದಿದ್ದೇನೆ. ನಿಮ್ಮ ಓದುಗರ ಮನೆಯ ಅಟ್ಟದಲ್ಲೂ ಇದ್ದರೆ ದಯವಿಟ್ಟು ಕೊಡಲಿ.

ಇತಿ,
ನಿಮ್ಮ ಓದುಗಿ
ನವನಗರ, ಬಾಗಲಕೋಟೆ