ಹಗ್ಗದ ಕೊನೆಯಲ್ಲಿ ನಿಂತವನಿಗೆ

ಪ್ರೀತಿಯ ಗೆಳೆಯಾ,

ನಿನ್ನನ್ನು ಯಾವಾಗಲೂ ಅಡ್ಡಹೆಸರಿನಲ್ಲೇ ಕರೆಯುವವ ಇವತ್ತು ಯಾಕೆ ಹೀಗೆ ಶುರು ಮಾಡಿದ ಅಂತ ಅನಿಸಬಹುದು. ಸ್ವಲ್ಪ ತಾಳು, ಹೇಳುತ್ತೇನೆ.

ಮಸ್ಕತ್ತಿನಲ್ಲಿ ಸೆಕೆ ಇನ್ನೂ ಇಳಿದಿಲ್ಲ ಅಂತ ನಿನ್ನ ವಾಯ್ಸ್ ಮೆಸೇಜಿನಲ್ಲಿ ಕೇಳಿದೆ. ಇಲ್ಲಿ ಕೇರಳದ ಗಡಿಯಲ್ಲಿ, ನಮ್ಮ ಕಾಸರಗೋಡಿನ ಪೆರ್ಲದಲ್ಲಿ ಮಳೆ ಬಿಡುತ್ತಿಲ್ಲ. ಅಷ್ಟಮಿ ಮುಗಿದು ನಾಲ್ಕು ದಿನ ಆಯಿತು, ನನ್ನ ಬಲಗೈ ಇನ್ನೂ ಸರಿಯಾಗಿ ಮುಷ್ಟಿ ಕಟ್ಟುವುದಿಲ್ಲ. ಎಡಗೈಯ ಒಂದೇ ಬೆರಳಿನಲ್ಲಿ ಇದನ್ನು ಕುಟ್ಟುತ್ತಾ ಇದ್ದೇನೆ. ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗುತ್ತೀ, ನಾನು ಮಾತು ತಿರುಗಿಸಿಬಿಡುತ್ತೇನೆ.

ಮೊದಲು ಹಬ್ಬದ ಸುದ್ದಿ. ಈ ವರ್ಷ ಮೊಸರು ಕುಡಿಕೆ ಜೋರಾಗಿತ್ತು. ಬೆಳಿಗ್ಗೆ ಮಕ್ಕಳ ಕೃಷ್ಣವೇಷ. ಅರ್ಧದಷ್ಟು ಕೃಷ್ಣರು ವೇದಿಕೆ ಹತ್ತಿದ ಕೂಡಲೇ ಅತ್ತರು, ಒಬ್ಬ ಕೊಳಲು ಎಸೆದು ಓಡಿದ. ಆಮೇಲೆ ಗೋಣಿಚೀಲ ಓಟ, ಲಿಂಬೆ ಚಮಚ, ಮಡಕೆ ಒಡೆಯುವುದು, ಎಲ್ಲ ಮಾಮೂಲಿ. ಜಾರುಕಂಬಕ್ಕೆ ಅಡಿಕೆ ಮರ ಕೊಟ್ಟವರು ನಿನ್ನ ಅಣ್ಣನೇ. ಎಣ್ಣೆ ಬಳಿಯುವ ಕೆಲಸವೂ ಅವರದ್ದೇ. ಎಷ್ಟು ಬಳಿದರೆಂದರೆ ಮೂರು ಗಂಟೆಯಾದರೂ ಯಾರೂ ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. ಕೊನೆಗೆ ಮಳೆಯೇ ಸ್ವಲ್ಪ ತೊಳೆದು ಕೊಟ್ಟಿತು.

ಈಗಿನ ಮಕ್ಕಳು ಹಗ್ಗಜಗ್ಗಾಟ ಅನ್ನುವುದಿಲ್ಲ ಮಾರಾಯ. ‘ವಡಂವಲಿ ಯಾವಾಗ’ ಅಂತಲೇ ಕೇಳುತ್ತಾರೆ. ಮೈಕಿನವನದ್ದು ಇನ್ನೊಂದು ಗಮ್ಮತ್ತು. ಸ್ವಾಗತ ಕನ್ನಡದಲ್ಲಿ, ನಿಯಮ ಮಲಯಾಳದಲ್ಲಿ, ಪಂದ್ಯ ಬಿಸಿಯಾದ ಮೇಲೆ ಪೂರ್ತಿ ತುಳು. ಏಳು ಭಾಷೆಯ ಊರು ಅಂತ ಭಾಷಣದಲ್ಲಿ ಹೇಳುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆದರೆ ನಮ್ಮ ತಂಡವನ್ನು ನೋಡಿದರೆ ಸುಳ್ಳು ಅನ್ನಲೂ ಆಗುವುದಿಲ್ಲ. ಮೀನಿನ ಗಾಡಿಯ ಬ್ಯಾರಿ ಹುಡುಗ, ಅಡಿಕೆ ಸುಲಿಯುವ ತುಳುವ ಅಣ್ಣತಮ್ಮಂದಿರು, ಮನೆಯಲ್ಲಿ ಮರಾಠಿ ಮಾತಾಡುವ ನಮ್ಮ ಮದ್ದಳೆಯವ, ಮಲಯಾಳದ ಕಾಲೇಜು ಹುಡುಗ, ಕರೆಂಟ್ ಕೆಲಸದ ಕೊಂಕಣಿ, ಮತ್ತೆ ನಾನು. ‘ಎಳಿ’ ಅಂದರೆ ಇಬ್ಬರು ಎಳೆಯುತ್ತಾರೆ, ‘ವಲಿ’ ಅಂದರೆ ಎಲ್ಲರೂ ಎಳೆಯುತ್ತಾರೆ. ಆದರೂ ಕೊನೆಗೆ ‘ಐಸಾ’ ಅಂತ ಇಟ್ಟುಕೊಂಡೆವು. ಅದು ಯಾರಪ್ಪನ ಭಾಷೆಯೂ ಅಲ್ಲ.

ಈಗ ತೂಕದ ಕಥೆ. ನಮ್ಮ ಕಾಲದ ಹಾಗೆ ಸಿಕ್ಕಿದವರೆಲ್ಲ ಹಗ್ಗ ಹಿಡಿಯುವ ಹಾಗಿಲ್ಲ ಈಗ. ಏಳು ಜನ, ಒಟ್ಟು 455 ಕಿಲೋ. ಅಂದರೆ ತಲೆಗೆ 65 ಬಿತ್ತು. ಅಡಿಕೆ ಅಂಗಡಿಯಿಂದ ತೂಕದ ಮಿಷನ್ ತಂದು ಚಪ್ಪರದ ಬದಿಯಲ್ಲಿಟ್ಟಿದ್ದರು. ಒಬ್ಬೊಬ್ಬರೇ ಹತ್ತುವುದು, ನಿವೃತ್ತ ಮಾಸ್ಟ್ರು ಪುಸ್ತಕದಲ್ಲಿ ಬರೆಯುವುದು. ಹೊಸ ಅಡಿಕೆಯೋ ಹಳೆ ಅಡಿಕೆಯೋ ಅಂತ ಸುತ್ತ ನಿಂತವರ ತಮಾಷೆ. ನಾನು 72 ತೂಗಿದಾಗ ಒಬ್ಬ ‘ಇದು ಪಟೋರ’ ಅಂದ, ಅಂದರೆ ಕಳಪೆ ದರ್ಜೆಯ ಅಡಿಕೆ. ನಕ್ಕು ಸುಮ್ಮನಾದೆ.

ಒಟ್ಟು 459 ಬಂತು. ನಾಲ್ಕು ಕಿಲೋ ಜಾಸ್ತಿ. ಬೆಳಿಗ್ಗೆ ಯಾರು ಯಾರು ಎಷ್ಟು ಮೂಡೆ ತಿಂದಿದ್ದಾರೆ ಅಂತ ವಿಚಾರಣೆ ಶುರು. ಶರ್ಟು ತೆಗೆದದ್ದಾಯಿತು, ಗುಡ್ಡದ ಮೇಲಿನವರೆಗೆ ಓಡಿ ಬಂದದ್ದಾಯಿತು. ಅರ್ಧ ಕಿಲೋ ಇಳಿಯಿತು. ಕೊನೆಗೆ ದಾರಿ ಕಾಣದೆ 76 ಕಿಲೋದ ಕರೆಂಟಿನವನನ್ನು ಬಿಟ್ಟು ಅವನ ಅಳಿಯ ಹುಡುಗನನ್ನು ಸೇರಿಸಿದೆವು. ಅವ 61. ಈಗ 11 ಕಿಲೋಕ್ಕಿಂತ ಜಾಸ್ತಿ ಖಾಲಿಯೇ ಉಳಿಯಿತು, ಹಾಳು. ಅದೂ ಹೋಗಲಿ. ಹಗ್ಗದ ಕೊನೆಯಲ್ಲಿ ನಿಲ್ಲಬೇಕಾದವನೇ ಆ ಕರೆಂಟಿನವ. ನೀನು ಹೋದ ಮೇಲೆ ಅವನೇ ಅಲ್ವಾ ನಿಲ್ಲುತ್ತಿದ್ದದ್ದು. ಈಗ ಯಾರು? ಎಲ್ಲರಿಗಿಂತ ಭಾರ ಯಾರೋ ಅವ. ಎಲ್ಲರೂ ನನ್ನ ಮುಖ ನೋಡಿದರು.

ಇಷ್ಟು ವರ್ಷ ನಾನು ಯಾವತ್ತೂ ಮೂರನೆಯವ. ಮುಂದೆ ನಿಂತರೆ ಎದುರಿನ ತಂಡದವರ ಮುಖ ಕಾಣುತ್ತದೆ, ಜನ ಕಾಣುತ್ತಾರೆ, ಬೊಬ್ಬೆ ನಮಗೇ ಹಾಕುತ್ತಿದ್ದಾರೆ ಅನಿಸುತ್ತದೆ. ಹಿಂದೆ ನಿಂತರೆ ಎಂತದ್ದೂ ಇಲ್ಲ. ಹಗ್ಗ ಕಂಕುಳಡಿಯಿಂದ ಹೋಗಿ, ಬೆನ್ನ ಮೇಲೆ ಓರೆಯಾಗಿ ಹಾದು, ಇನ್ನೊಂದು ಹೆಗಲ ಮೇಲಿಂದ ಮುಂದೆ ಬರುತ್ತದೆ. ಗಂಟು ಹಾಕುವ ಹಾಗಿಲ್ಲ. ಕಣ್ಣೆದುರು ಆರು ಬೆನ್ನು. ನಡುವಿನ ಗುರುತು ನಮ್ಮ ಕಡೆ ಬಂತೋ ಆಚೆ ಹೋಯಿತೋ ಅಂತಲೂ ತಿಳಿಯುವುದಿಲ್ಲ. ತಿಳಿಯುವುದು ಬೆನ್ನಿಗೆ ಮಾತ್ರ. ಯಾರು ನಿಜವಾಗಿ ಎಳೆಯುತ್ತಿದ್ದಾನೆ, ಯಾರು ಹಗ್ಗ ಹಿಡಿದು ಮುಖ ಕಿವುಚಿ ನಟನೆ ಮಾಡುತ್ತಿದ್ದಾನೆ, ಎಲ್ಲ ಹಗ್ಗದಲ್ಲೇ ಗೊತ್ತಾಗುತ್ತದೆ ಮಾರಾಯ! ನೀನು ಇದನ್ನು ಯಾರಿಗೂ ಹೇಳಿಯೇ ಇರಲಿಲ್ಲ.

ಮೊದಲ ಪಂದ್ಯ ಸುಲಭದಲ್ಲಿ ಗೆದ್ದೆವು. ಸೆಮಿಫೈನಲಿಗೆ ಸಿಕ್ಕಿದ್ದು ವಿಟ್ಲ ಕಡೆಯವರು. ಗಡಿಯ ಸಾರಡ್ಕ ದಾಟಿ ಬೈಕಿನಲ್ಲಿ ಬಂದ ಹುಡುಗರು. ಮೈಕಿನವ ‘ಕರ್ನಾಟಕದಿಂದ ಆಗಮಿಸಿದ ತಂಡ’ ಅಂತ ಕೂಗಿದ್ದು ಕೇಳಬೇಕಿತ್ತು, ಏನೋ ಹಡಗಿನಲ್ಲಿ ಬಂದ ಹಾಗೆ. ಮಾಸ್ಟ್ರು ಪಕ್ಕದಲ್ಲೇ ಇದ್ದರಲ್ಲ, ಬಿಡುತ್ತಾರಾ. ‘ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿ ಇದೇ ಪಂದ್ಯ ಅಲ್ವಾ? 1967ರಲ್ಲಿ ಗಡಿ ತಕರಾರಿನ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗು ಭಾಗ ಕರ್ನಾಟಕಕ್ಕೆ ಅಂತ ವಿಸಲ್ ಊದಿತು. ಹಗ್ಗ ಮಾತ್ರ ಅಲ್ಲಾಡಲಿಲ್ಲ’ ಅಂದರು. ಹಳೆಯವರು ನಕ್ಕರು. ಹುಡುಗರಿಗೆ ಅರ್ಥ ಆದ ಹಾಗೆ ಕಾಣಲಿಲ್ಲ.

ಆ ವಿಟ್ಲದವರು ಬೂಟು ಹಾಕಿ ಬಂದಿದ್ದರು, ಹಿಮ್ಮಡಿ ದಪ್ಪದ್ದು. ನಮ್ಮದು ಬರಿಗಾಲು. ನಮ್ಮ ಮೀನಿನವ ತಕರಾರು ಎತ್ತಿದ. ಮಾಸ್ಟ್ರು ಮತ್ತೆ ಬಾಯಿ ಹಾಕಿದರು. ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿ ಇತ್ತಂತೆ. 1908ರ ಲಂಡನ್ ಕೂಟದಲ್ಲಿ ಲಿವರ್‌ಪೂಲ್ ಪೊಲೀಸರ ಭಾರದ ಬೂಟು ನೋಡಿ ಅಮೆರಿಕದವರು ಇದೇ ತಕರಾರು ಮಾಡಿದರಂತೆ. ಇದು ನಾವು ಡ್ಯೂಟಿಗೆ ಹಾಕುವ ಬೂಟೇ ಅಂದರಂತೆ ಪೊಲೀಸರು. ಅಮೆರಿಕದವರು ಬಿಟ್ಟು ಹೋದರು. ಪದಕ ಮೂರೂ ಇಂಗ್ಲೆಂಡಿನ ಪೊಲೀಸರಿಗೇ. ‘ನೀವೂ ಬಿಟ್ಟು ಹೋಗುತ್ತೀರಾ?’ ಅಂತ ಕೇಳಿದರು ಮಾಸ್ಟ್ರು. ಮೀನಿನವ ಹಗ್ಗ ಹಿಡಿದ.

ಮೊದಲ ಎಳೆತ ಅವರದ್ದು. ಎರಡನೆಯದು ನಮ್ಮದು. ಎರಡು ನಿಮಿಷವೋ ಮೂರೋ, ಯಾರೂ ಗಡಿಯಾರ ನೋಡಲಿಲ್ಲ. ಹಿಮ್ಮಡಿ ಊರಿದಲ್ಲಿ ಗುಂಡಿಯಾಗಿ ಮಳೆನೀರು ತುಂಬಿತ್ತು. ಮೂರನೆಯದರಲ್ಲಿ ಹಗ್ಗ ಎರಡೂ ಕಡೆಗೆ ಹೋಗದೆ ನಿಂತೇ ಬಿಟ್ಟಿತು. ಎಲ್ಲರೂ ತಗ್ಗಿ, ಉಸಿರು ಹಿಡಿದು, ‘ಐಸಾ’ಕ್ಕೆ ಕಾಯುತ್ತಿದ್ದೆವು. ಅಷ್ಟರಲ್ಲಿ ಮೂರನೆಯ ಜಾಗದಲ್ಲಿದ್ದ ಕಾಲೇಜು ಹುಡುಗ, ಜನರ ಬೊಬ್ಬೆ ಕೇಳಿ ಉಮೇದು ಬಂತೋ ಏನೋ, ಯಾರನ್ನೂ ಕಾಯದೆ ತಾನೊಬ್ಬನೇ ಒಂದು ಜಗ್ಗು ಜಗ್ಗಿದ. ಹಗ್ಗ ಒಂದು ಗೇಣು ಹಿಂದೆ ಬಂತು. ನನ್ನ ಬೆನ್ನಲ್ಲಿ ಅದು ಸಡಿಲ ಆಯಿತು. ಹಿಂದಕ್ಕೆ ವಾಲಿ ನಿಂತವನಿಗೆ ಹಗ್ಗವೇ ಗೋಡೆ ಅಲ್ವಾ. ಗೋಡೆ ಹೋಯಿತು. ದಪ್ಪೆಂದು ಕೂತೆ. ಎದ್ದು ಕಾಲೂರುವ ಮೊದಲೇ ಅವರು ಎಳೆದರು. ಕೆಸರಿನಲ್ಲಿ ಕೂತಲ್ಲಿಂದಲೇ ಗೆರೆ ದಾಟಿದೆ. ಅಡಿಕೆ ಹಾಳೆಯಲ್ಲಿ ಮಕ್ಕಳನ್ನು ಕೂರಿಸಿ ಎಳೆಯುತ್ತಾರಲ್ಲ, ಹಾಗೆ. ಹಾಳೆ ಮಾತ್ರ ಇರಲಿಲ್ಲ.

ಹುಡುಗ ತಿರುಗಿ ನೋಡಿದ. ‘ಅಣ್ಣ ಕೂತುಬಿಟ್ಟರು’ ಅಂದ, ಎಲ್ಲರಿಗೂ ಕೇಳುವ ಹಾಗೆ.

ಈಗ ಗೊತ್ತಾಯಿತಾ ನಾನು ಯಾಕೆ ಬರೆಯುತ್ತಿದ್ದೇನೆ ಅಂತ?

2011ರ ಫೈನಲ್. ಗೆದ್ದವರಿಗೆ ಆಡು, ಸೋತವರಿಗೆ ನೇಂದ್ರ ಬಾಳೆಗೊನೆ. ಆಡನ್ನು ಅಲ್ಲೇ ಗೂಟಕ್ಕೆ ಕಟ್ಟಿದ್ದರು, ನೆನಪುಂಟಾ? ನಾನು ಮೂರನೆಯವ, ನೀನು ಹಿಂದೆ. ನೀನು ಕೂತೆ, ನಾವು ಸೋತೆವು. ಮೊದಲು ‘ಕೂತುಬಿಟ್ಟ’ ಅಂದದ್ದು ನಾನು. ‘ಕುರ್ಚಿ’ ಅಂತ ಹೆಸರಿಟ್ಟದ್ದೂ ನಾನೇ. ಊರಿಡೀ ಅದನ್ನೇ ಕರೆಯಿತು. ನಿನ್ನ ಮದುವೆಯಲ್ಲಿ ಉಡುಗೊರೆ ಅಂತ ಪ್ಲಾಸ್ಟಿಕ್ ಕುರ್ಚಿ ತಂದು ನಿಲ್ಲಿಸಿದ್ದೆವಲ್ಲ, ಆ ಐಡಿಯಾ ಕೂಡ ನನ್ನದು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನೀನು.

ಆವತ್ತು ‘ಐಸಾ’ಕ್ಕೆ ಮೊದಲು ಜಗ್ಗಿದವ ನಾನು ಮಾರಾಯ. ಆಡಿನ ಹತ್ತಿರ ನಿಂತವರು ನನ್ನ ಹೆಸರು ಕೂಗುತ್ತಿದ್ದರು, ಒಂದು ಸಲ ಬಲ ತೋರಿಸುವ ಅನಿಸಿತು. ಜಗ್ಗಿದ್ದು ನನಗೆ ಯಾವತ್ತೂ ನೆನಪಿತ್ತು. ಆದರೆ ಅದಕ್ಕೂ ನೀನು ಬಿದ್ದದ್ದಕ್ಕೂ ಸಂಬಂಧ ಉಂಟು ಅಂತ ಮೊನ್ನೆ ಕೆಸರಿನಲ್ಲಿ ಕೂತ ಮೇಲೆಯೇ ಗೊತ್ತಾದದ್ದು. ನಿನಗೆ ಮಾತ್ರ ಅದೇ ಕ್ಷಣದಲ್ಲಿ ಗೊತ್ತಾಗಿರಬೇಕು. ಬೆನ್ನಿಗೆ ಗೊತ್ತಾಗುತ್ತದೆ. ಯಾಕೆ ಹೇಳಲಿಲ್ಲ ನೀನು? ಒಂದು ಬೈಗುಳವಾದರೂ ಬೈಯಬಹುದಿತ್ತು. ಆ ಗೊನೆಯಲ್ಲಿ ದೊಡ್ಡ ಚಿಪ್ಪು ನನ್ನ ಮನೆಗೇ ಕಳಿಸಿದೆಯಲ್ಲ ನೀನು.

ನಾಲ್ಕು ಜನರ ಎದುರು ಅಂದ ಮಾತು. ಹಾಗಾಗಿ ಇದನ್ನೂ ಊರಿನವರೆಲ್ಲ ಓದುವ ಹಾಗೆಯೇ ಹಾಕುತ್ತಿದ್ದೇನೆ. ಕುರ್ಚಿ ಇನ್ನು ನನ್ನ ಹೆಸರು. ವಾಟ್ಸಾಪ್ ಗುಂಪಿನಲ್ಲಿ ನಾನು ಕೂತ ಫೋಟೋವನ್ನು ಆಗಲೇ ಸ್ಟಿಕ್ಕರ್ ಮಾಡಿಬಿಟ್ಟಿದ್ದಾರೆ.

ನನ್ನವಳ ಸುದ್ದಿ ಹೇಳದಿದ್ದರೆ ಇವತ್ತು ರಾತ್ರಿ ಊಟ ಇಲ್ಲ. ಅವಳಿರುವ ಕುಟುಂಬಶ್ರೀ ಸ್ವಸಹಾಯ ಸಂಘದವರ ತಂಡ ಮಹಿಳೆಯರ ಪಂದ್ಯ ಗೆದ್ದಿತು, ಒಂದೂ ಎಳೆತ ಬಿಟ್ಟುಕೊಡದೆ. ಉದ್ಯೋಗ ಖಾತರಿಯಲ್ಲಿ ಇಂಗುಗುಂಡಿ ತೋಡಿದ ಕೈಗಳು. ಅವರಲ್ಲಿ ತೂಕದ ಲೆಕ್ಕ ಇರಲಿಲ್ಲ. ಮಿಷನ್ ಹತ್ತುವುದಿಲ್ಲ ಅಂತ ಎಲ್ಲ ತಂಡದವರೂ ಒಟ್ಟಾಗಿ ಹೇಳಿದ್ದರು. ಆ ಒಂದು ವಿಷಯದಲ್ಲಿ ಎಷ್ಟು ಒಗ್ಗಟ್ಟು ನೋಡು.

ರಾತ್ರಿ ತಾಳಮದ್ದಳೆ ಇತ್ತು, ವೇಷ ಇಲ್ಲದೆ ಕೂತು ಮಾತಾಡುವ ಯಕ್ಷಗಾನ. ನಮ್ಮ ಮದ್ದಳೆಯವನ ಎರಡೂ ಅಂಗೈ ಸಿಪ್ಪೆ ಎದ್ದಿತ್ತು. ಚೆಂಡೆಯಾದರೆ ಕೋಲಿನಲ್ಲಿ ಹೊಡೆಯಬಹುದು. ಮದ್ದಳೆಗೆ ಕೈಯೇ ಬೇಕಲ್ಲ. ಭಾಗವತರು ಅವನ ಕೈ ನೋಡಿ ಒಂದು ಮಾತೂ ಆಡಲಿಲ್ಲ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೈದಿದ್ದರೆ ವಾಸಿ ಇತ್ತು. ಅವ ತೆಂಗಿನೆಣ್ಣೆ ಹಚ್ಚಿ, ಬೆರಳಿಗೆ ಬಟ್ಟೆ ಸುತ್ತಿ ಕೂತ. ಮೊದಲ ಎರಡು ಪದ್ಯಕ್ಕೆ ಮದ್ದಳೆ ಮಡಕೆ ಬಡಿದ ಹಾಗೆ ಕೇಳಿತು. ಮೂರನೆಯದಕ್ಕೆ ಬಟ್ಟೆ ಬಿಚ್ಚಿ ಎಸೆದ. ಆಮೇಲೆ ಬಾರಿಸಿದ ನೋಡು! ಪದ್ಯ ಮುಗಿದಾಗೆಲ್ಲ ಕೈಯನ್ನು ಬೆನ್ನ ಹಿಂದೆ ಇಟ್ಟು ಕೊಡವುತ್ತಿದ್ದ. ಅರ್ಥಧಾರಿಗಳು ಮಾತು ಉದ್ದ ಮಾಡಿದಷ್ಟೂ ಅವನಿಗೆ ಖುಷಿ. ಉದ್ದ ಮಾತಿಗೆ ಒಬ್ಬರಾದರೂ ಕೃತಜ್ಞರಾಗಿ ಕೂತದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕಂಡೆ.

ಇನ್ನು ಕೇರಳೋತ್ಸವ ಬರುತ್ತದೆ, ಸರಕಾರದ ಯುವಜನರ ಆಟೋಟ-ಕಲೆಯ ಕೂಟ. ಪಂಚಾಯತಿನಲ್ಲಿ ಗೆದ್ದರೆ ಬ್ಲಾಕ್, ಆಮೇಲೆ ಜಿಲ್ಲೆ. ನನಗೆ ಅದು ಮುಗಿಯಿತು. ನವೆಂಬರ್ 1ಕ್ಕೆ 15 ತುಂಬಿರಬೇಕು, 40 ದಾಟಿರಬಾರದು ಅಂತ ನಿಯಮ. ಅಕ್ಟೋಬರಿನಲ್ಲೇ ನನಗೆ 40 ದಾಟುತ್ತದೆ. ಎಲ್ಲ ಗಡಿಯನ್ನೂ ಅದೇ ತಾರೀಕಿಗೆ ಯಾಕೆ ಹಾಕುತ್ತಾರೋ. ಅಷ್ಟಮಿಗೆ ಹಾಗೆಲ್ಲ ಇಲ್ಲ, ಕೃಷ್ಣ ಯಾರ ಜಾತಕವನ್ನೂ ಕೇಳುವುದಿಲ್ಲ.

ಆ ಹುಡುಗನಿಗೆ ನಾನು ಎಂತದ್ದೂ ಹೇಳಲಿಲ್ಲ. ಹೇಳಬೇಕು ಅಂತ ಎರಡು ಸಲ ಬಾಯಿವರೆಗೆ ಬಂದಿತ್ತು. ನಿನ್ನೆ ಅಂಗಡಿಯಲ್ಲಿ ಸಿಕ್ಕಿದ, ‘ಮುಂದಿನ ವರ್ಷ ಹಿಂದೆ ನೀನು ನಿಲ್ಲು’ ಅಂದೆ. ಅವನಿಗೆ ದೊಡ್ಡ ಮರ್ಯಾದೆ ಕೊಟ್ಟ ಹಾಗೆ ಖುಷಿಯಾಯಿತು. ತೂಕ ಏರಿಸುತ್ತೇನೆ ಅಂತ ಅಲ್ಲೇ ಎರಡು ಬನ್ಸ್ ತಿಂದ. ದುಡ್ಡು ನಾನು ಕೊಟ್ಟೆ.

ನಿನಗೆ ಡಿಸೆಂಬರಿನಲ್ಲಿ ರಜೆ ಸಿಗುತ್ತದೆ ಅಂದೆಯಲ್ಲ. ಆಗ ಬಯಲಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಇರುತ್ತದೆ, 60 ಕಿಲೋ ವಿಭಾಗ. ನಾವಿಬ್ಬರೂ ಸುಮ್ನೆ ಕೂತು ನೋಡುವುದು. ಬರುವಾಗ ನೋವಿಗೆ ಹಚ್ಚುವ ಕೊಡಲಿ ಮಾರ್ಕಿನ ಎಣ್ಣೆ ಎರಡು ಬಾಟಲಿ ತಾ. ಒಂದು ನನಗೆ, ಇನ್ನೊಂದು ಮದ್ದಳೆಯವನಿಗೆ.

ನಿನ್ನ,
ಕುರ್ಚಿ